ನೃತ್ಯ ತರಗತಿಗಳಲ್ಲಿ ಮಕ್ಕಳ ಸುರಕ್ಷತೆ: ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ದಸರಾ ರಜೆ ಮುಗಿದು ಶಾಲೆ ಮತ್ತೆ ಆರಂಭವಾಗಿದೆ. ಇನ್ನೇನು ವಾರ್ಷಿಕೋತ್ಸವದ ತಯಾರಿಯೂ ಶುರುವಾಗಲಿದೆ. ನಮ್ಮ ಮಕ್ಕಳಲ್ಲಿ ಹಲವರು ಶಾಲೆ ಬಿಟ್ಟ ಮೇಲೆ ಸರಸ್ವತಿಪುರಂ, ಕುವೆಂಪುನಗರ, ವಿಜಯನಗರದ ಕಡೆ ಭರತನಾಟ್ಯಕ್ಕೋ ಸಿನಿಮಾ ನೃತ್ಯಕ್ಕೋ ಹೋಗುತ್ತಾರೆ. ಅಂಥ ತರಗತಿಗಳಲ್ಲಿ ಮಗುವಿನ ಸುರಕ್ಷತೆಯ ಬಗ್ಗೆ ಅನುಮಾನ ಬಂದರೆ ಯಾರಿಗೆ ತಿಳಿಸಬೇಕು ಎಂದು ಕಳೆದ ಪೋಷಕರ ಸಭೆಯಲ್ಲಿ ಕೆಲವರು ಕೇಳಿದ್ದರು. ಎರಡು ಮಾತಿನಲ್ಲಿ ಉತ್ತರಿಸಿ ಮುಗಿಸುವ ವಿಷಯ ಅದಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಯಾವುದೇ ಒಂದು ನೃತ್ಯಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿಲ್ಲ.

ನೃತ್ಯವು ದೇಹದ ಮೂಲಕವೇ ಕಲಿಯಬೇಕಾದ ವಿದ್ಯೆ. ಮೊಣಕಾಲು ಮಡಿಸಿ ಅರ್ಧ ಕೂತಂತೆ ನಿಲ್ಲುವ ಅರಮಂಡಿಯಲ್ಲಿ ಮೊಣಕಾಲು ಹೊರಕ್ಕೆ ತೆರೆದುಕೊಳ್ಳದಿದ್ದರೆ, ಮೊಣಕೈ ಇಳಿಬಿದ್ದರೆ, ಬೆನ್ನು ಬಾಗಿದರೆ ಗುರುಗಳು ಮುಟ್ಟಿ ತಿದ್ದುವುದುಂಟು. ಇದೇ ಕಾರಣಕ್ಕೆ ಯಾವ ಸ್ಪರ್ಶ ಪಾಠದ್ದು, ಯಾವುದು ಅಲ್ಲ ಎಂದು ಹೇಳಲು ಮಗುವಿಗೂ ಕಷ್ಟ, ಕೇಳಿಸಿಕೊಳ್ಳುವ ನಮಗೂ ಕಷ್ಟ. ಒಳ್ಳೆಯ ಗುರುಗಳು ಮೊದಲು ತಾವೇ ನಿಂತು ತೋರಿಸುತ್ತಾರೆ. ಮುಟ್ಟಲೇಬೇಕಾದರೆ ಎಲ್ಲರ ಎದುರಿಗೆ, ಹೇಳಿ ಮುಟ್ಟುತ್ತಾರೆ. ತಿದ್ದಬೇಕಾದ್ದೇನೂ ಇಲ್ಲದ ಕಡೆ ಕೈ ಹೋದರೆ, ಉಳಿದವರನ್ನು ಕಳುಹಿಸಿ ಒಂದು ಮಗುವನ್ನು ಮಾತ್ರ ಮತ್ತೆ ಮತ್ತೆ ಉಳಿಸಿಕೊಂಡರೆ, ರಾತ್ರಿ ಹೊತ್ತು ಮಗುವಿನ ಮೊಬೈಲಿಗೇ ಸಂದೇಶ ಬಂದರೆ, "ಇದನ್ನು ಅಮ್ಮನಿಗೆ ಹೇಳಬೇಡ" ಎಂಬ ಮಾತು ಬಂದರೆ ಅದಕ್ಕೂ ಪಾಠಕ್ಕೂ ಸಂಬಂಧವಿಲ್ಲ. ಹೊಡೆತದ ವಿಷಯವೂ ಅಷ್ಟೇ. ತಾಳದ ಕೋಲು ಮಣೆಯ ಮೇಲೆ ಬೀಳಬೇಕೇ ಹೊರತು ಮಗುವಿನ ಮೊಣಕಾಲಿನ ಮೇಲಲ್ಲ.

ಕಾರ್ಯಕ್ರಮದ ದಿನದ ಗ್ರೀನ್ ರೂಮಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಒಂದೇ ಕೋಣೆಯಲ್ಲಿ ಇಪ್ಪತ್ತು ಮಕ್ಕಳು, ಯಾರದೋ ಜಡೆಕುಚ್ಚು ಕಳಚಿದೆ, ಯಾರದೋ ಗೆಜ್ಜೆಯ ಪಟ್ಟಿ ಕಿತ್ತಿದೆ, ಮುಂದಿನ ಹಾಡಿಗೆ ಬಟ್ಟೆ ಬದಲಾಯಿಸಲು ಐದು ನಿಮಿಷವೂ ಇಲ್ಲ. ಆ ಗಡಿಬಿಡಿಯಲ್ಲಿ ಮೇಕಪ್ಪಿನವರು, ಬಾಡಿಗೆ ಬಟ್ಟೆ ತಂದವರು, ಫೋಟೋ ತೆಗೆಯುವವರು ಎಲ್ಲರೂ ಒಳಗೆ ಬಂದು ಹೋಗುತ್ತಿರುತ್ತಾರೆ. ಯಾರು ಬಂದರು, ಏಕೆ ಬಂದರು ಎಂದು ಕೇಳುವವರಿರುವುದಿಲ್ಲ. ತಾಯಂದಿರೆಲ್ಲ ಮುಂದಿನ ಸಾಲಿನಲ್ಲಿ ಮೊಬೈಲ್ ಹಿಡಿದು ಕೂತಿರುತ್ತಾರೆ. ಇಬ್ಬರಾದರೂ ಒಳಗಿರಬೇಕು.

ಜಟ್ಟಿ ತಾಯಮ್ಮ, ವೆಂಕಟಲಕ್ಷಮ್ಮನವರಂಥ ಕಲಾವಿದೆಯರು ಬೆಳಗಿಸಿದ ಭರತನಾಟ್ಯದ ಮೈಸೂರು ಶೈಲಿಯ ಊರು ನಮ್ಮದು. ಗುರುವಿನ ಕಾಲಿಗೆ ನಮಸ್ಕರಿಸಿ ಪಾಠ ಆರಂಭಿಸುವ ಪದ್ಧತಿ ಇಲ್ಲಿ ಇಂದಿಗೂ ಇದೆ, ಇರಲಿ. ಆದರೆ "ಅಂಥವರ ಮೇಲೆ ಹೇಗೆ ದೂರು ಕೊಡುವುದು", "ನೃತ್ಯದ ಜೂನಿಯರ್ ಪರೀಕ್ಷೆ ಹತ್ತಿರದಲ್ಲಿದೆ", "ರಂಗಪ್ರವೇಶ ಮುಗಿಯಲಿ, ಆಮೇಲೆ ನೋಡೋಣ" ಎಂದು ಮುಂದೂಡುವುದಕ್ಕೆ ಗುರುಭಕ್ತಿಯನ್ನು ನೆಪ ಮಾಡಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಸದ್ದಿಲ್ಲದೆ ಮಗುವನ್ನು ಆ ತರಗತಿಯಿಂದ ಬಿಡಿಸಿ ಬೇರೆ ಕಡೆ ಸೇರಿಸುವುದರಿಂದಲೂ ಪ್ರಯೋಜನವಿಲ್ಲ. ಅಲ್ಲೇ ಉಳಿದ ಮಕ್ಕಳ ಗತಿಯೇನು?

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ನಾವು ಪೋಕ್ಸೋ ಎಂದು ಕರೆಯುವ, ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆಯ 2012ರ ಕಾಯ್ದೆ 18 ವರ್ಷದೊಳಗಿನ ಗಂಡು, ಹೆಣ್ಣು ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಅಪರಾಧ ನಡೆದಿದೆ ಎಂದು ತಿಳಿದವರು ಮಾತ್ರವಲ್ಲ, ನಡೆಯಬಹುದೆಂಬ ಆತಂಕವಿರುವವರೂ ಪೊಲೀಸರಿಗೆ ತಿಳಿಸಬೇಕೆಂದು ಅದರ 19ನೇ ಸೆಕ್ಷನ್ ಹೇಳುತ್ತದೆ. ಸಾಕ್ಷ್ಯ ಹುಡುಕುವುದು ಪೊಲೀಸರ ಕೆಲಸ, ತಿಳಿಸುವುದಷ್ಟೇ ನಮ್ಮದು. ಸದ್ಭಾವನೆಯಿಂದ ಮಾಹಿತಿ ಕೊಟ್ಟವರ ಮೇಲೆ ಅದಕ್ಕಾಗಿ ಕ್ರಮ ಜರುಗಿಸುವಂತಿಲ್ಲ. ಗೊತ್ತಿದ್ದೂ ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ.

ಠಾಣೆಯ ಮೆಟ್ಟಿಲು ಹತ್ತಬೇಕಲ್ಲ ಎಂಬ ಅಂಜಿಕೆ ಹಲವರಿಗಿದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಕಡೆ, ಸಾಧ್ಯವಾದಷ್ಟು ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬಂದು, ತಂದೆ ತಾಯಿ ಅಥವಾ ಮಗು ನಂಬುವವರ ಸಮ್ಮುಖದಲ್ಲಿ ಪಡೆಯಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಪೊಲೀಸರು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಶುಲ್ಕವಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ತಕ್ಷಣದ ಅಪಾಯವಿದ್ದರೆ 112.

ಮಗು ಏನಾದರೂ ಹೇಳಿದಾಗ ಗಾಬರಿಯನ್ನು ಮುಖದಲ್ಲಿ ತೋರಿಸದೆ ಪೂರ್ತಿ ಕೇಳಿಸಿಕೊಳ್ಳಿ. "ನೀನೇಕೆ ಆಗಲೇ ಹೇಳಲಿಲ್ಲ" ಎಂಬ ಒಂದು ಪ್ರಶ್ನೆಯಿಂದ ಮಗುವಿನ ಬಾಯಿ ಮುಚ್ಚಿಹೋಗಬಹುದು. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ, ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ. ಅಜ್ಜಿಯ ಮುಂದೊಮ್ಮೆ, ದೊಡ್ಡಪ್ಪನ ಮುಂದೊಮ್ಮೆ ಹೇಳಿಸಬೇಡಿ. ಮೊಬೈಲಿನಲ್ಲಿರುವ ಸಂದೇಶಗಳನ್ನು ಅಳಿಸಬೇಡಿ. ನೃತ್ಯಶಾಲೆಗೆ ಹೋಗಿ ಜಗಳವಾಡಿದರೆ ಆ ವ್ಯಕ್ತಿಗೆ ಎಚ್ಚರಿಕೆ ಸಿಕ್ಕಂತಾಗುತ್ತದೆ. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಮಗುವಿನ ಗುರುತು ಸಂಜೆಯೊಳಗೆ ಬಡಾವಣೆಗೆಲ್ಲ ಗೊತ್ತಾಗುತ್ತದೆ. ದಯವಿಟ್ಟು ಎರಡನ್ನೂ ಮಾಡಬೇಡಿ.

ಮಗು ಈ ವಿಷಯವನ್ನು ನಮ್ಮ ಶಿಕ್ಷಕರಲ್ಲಿ ಯಾರಿಗಾದರೂ ಹೇಳಿದರೆ ನಾವು ಪೊಲೀಸರಿಗೆ ತಿಳಿಸಲೇಬೇಕಾಗುತ್ತದೆ. ನಿಮಗೂ ಕೂಡಲೇ ತಿಳಿಸುತ್ತೇವೆ, ಜೊತೆಗೂ ನಿಲ್ಲುತ್ತೇವೆ. ಆದರೆ "ಮೇಡಂ, ಇದು ಇಲ್ಲಿಗೇ ಮುಗಿಯಲಿ" ಎಂದು ಕೇಳಿಕೊಂಡರೆ ಒಪ್ಪಲು ನನ್ನಿಂದ ಸಾಧ್ಯವಿಲ್ಲ.

ಹೊಸ ತರಗತಿಗೆ ಸೇರಿಸುವ ಮುನ್ನ ಪಾಠದ ವೇಳೆ ಪೋಷಕರು ಕೂತು ನೋಡಬಹುದೇ, ಹೊರಗಿನ ಊರಿಗೆ ಕಾರ್ಯಕ್ರಮಕ್ಕೆ ಹೋದಾಗ ಜೊತೆಗೆ ಯಾರಿರುತ್ತಾರೆ ಎಂದು ಕೇಳಿ. ಮಕ್ಕಳೊಡನೆ ನಿತ್ಯ ಒಡನಾಟವಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಬೇಕೆಂದು 2020ರ ಪೋಕ್ಸೋ ನಿಯಮಗಳಲ್ಲಿದೆ, ಅದನ್ನೂ ಕೇಳಿ. ಕೇಳಿದ್ದಕ್ಕೆ ಮುನಿಸಿಕೊಳ್ಳುವ ಕಡೆ ಸೇರಿಸದಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಹೊರಗಿನಿಂದ ಬರುವ ನೃತ್ಯ ಶಿಕ್ಷಕರಿಗೂ ಇದೇ ಪರಿಶೀಲನೆ ಇರುತ್ತದೆ. ಅಭ್ಯಾಸದ ಹೊತ್ತಿನಲ್ಲಿ ನಮ್ಮ ಶಿಕ್ಷಕಿಯೊಬ್ಬರು ಸಭಾಂಗಣದಲ್ಲೇ ಇರುತ್ತಾರೆ, ಬಾಗಿಲು ತೆರೆದಿರುತ್ತದೆ. ಗ್ರೀನ್ ರೂಮಿನ ಉಸ್ತುವಾರಿಗೆ ಪ್ರತಿ ತರಗತಿಯಿಂದ ಇಬ್ಬರು ತಾಯಂದಿರು ಬೇಕಾಗಿದ್ದಾರೆ. ಬರಲು ಸಾಧ್ಯವಿರುವವರು ಈ ವಾರದೊಳಗೆ ಮಗುವಿನ ಡೈರಿಯಲ್ಲಿ ಬರೆದು ಕಳುಹಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಮೈಸೂರು