ಕೆಟ್ಟು ನಿಂತದ್ದು ಹೊಸ ಲಾರಿ, ಬೈಗುಳ ಹಳೆಯದಕ್ಕೆ

ಸಂಪಾದಕರಿಗೆ,

ಮಾನ್ಯರೇ,

ಘಾಟಿಯಲ್ಲಿ ಟ್ರೇಲರ್ ಕೆಟ್ಟು ನಿಂತು ರಾತ್ರಿಯಿಡೀ ಸಂಚಾರ ಸ್ಥಗಿತಗೊಂಡ ಸುದ್ದಿಯನ್ನು ನಿಮ್ಮ ನಿನ್ನೆಯ ಸಂಚಿಕೆಯಲ್ಲಿ ಓದಿದೆ. ಗುಜರಿಗೆ ಹೋಗಬೇಕಾದ ಹಳೆಯ ಲಾರಿಗಳು ಇನ್ನೂ ರಸ್ತೆಗಿಳಿಯುತ್ತಿರುವುದೇ ಇದಕ್ಕೆಲ್ಲ ಕಾರಣ ಎಂದು ಅಧಿಕಾರಿಯೊಬ್ಬರು ಅಪ್ಪಣೆ ಕೊಡಿಸಿದ್ದನ್ನೂ ವರದಿಯ ಕೊನೆಯಲ್ಲಿ ಕಂಡೆ. ಆ ಟ್ರೇಲರಿನ ಬೆನ್ನಿಗೇ ನನ್ನ ಲಾರಿ ನಿಂತಿತ್ತು, ಅದರೊಳಗೆ ನಾನೂ ಇದ್ದೆ. ಕೆಟ್ಟು ನಿಂತದ್ದು ಎರಡು ಮಳೆಗಾಲವನ್ನೂ ಸರಿಯಾಗಿ ಕಾಣದ, ಬಿಎಸ್‌6 ಎಂಬ ಹೊಸ ಹೊಗೆ ಮಾನದಂಡದ ಗಾಡಿ. ಹದಿನೈದು ವರ್ಷ ದಾಟಿದ್ದು ಅದರ ಹಿಂದೆ ಸಿಕ್ಕಿಕೊಂಡು ಬೆಳಗಾಗುವುದನ್ನು ಕಾಯುತ್ತಿದ್ದ ನನ್ನ ಗಾಡಿ. ಸ್ಥಳಕ್ಕೆ ಕಾಲಿಡದೆ ಹೇಳಿಕೆ ಕೊಡುವವರಿಗೆ ಇಂಥ ಸಣ್ಣ ವ್ಯತ್ಯಾಸ ಕಾಣುವುದಿಲ್ಲ.

ಆ ಗಾಡಿಗೆ ಆದದ್ದಾದರೂ ಏನು? ಎಂಜಿನ್ ಮುರಿದಿರಲಿಲ್ಲ, ಆಕ್ಸಲ್ಲಿನ ಹೌಸಿಂಗ್ ಒಡೆದಿರಲಿಲ್ಲ, ಸ್ಪ್ರಿಂಗ್ ಪಟ್ಟಾ ತುಂಡಾಗಿರಲಿಲ್ಲ. ಹೊಗೆಯನ್ನು ಶುದ್ಧ ಮಾಡಲು ಸುರಿಯುವ ಯೂರಿಯಾ ದ್ರವ ಸರಿಯಿಲ್ಲವೆಂದೋ, ಹೊಗೆ ಕೊಳವೆಯ ಸೆನ್ಸರ್ ಕೈಕೊಟ್ಟಿತೆಂದೋ ಅದರ ಕಂಪ್ಯೂಟರಿಗೆ ಅನ್ನಿಸಿತು, ಅದು ಎಂಜಿನ್ನಿನ ಶಕ್ತಿಯನ್ನು ತಾನಾಗಿಯೇ ಇಳಿಸಿಬಿಟ್ಟಿತು. ಸಮತಟ್ಟಾದ ರಸ್ತೆಯಲ್ಲಾದರೆ ತೆವಳಿಕೊಂಡಾದರೂ ಹೋಗಿ ಬದಿಗೆ ಸೇರಬಹುದಿತ್ತು. ಬಂದರಿನಿಂದ ಲೋಡು ಎತ್ತಿಕೊಂಡು ತಿರುವಿನ ಏರಿನಲ್ಲಿದ್ದ ಗಾಡಿ ಅಲ್ಲೇ ಕೂತಿತು. ಡ್ರೈವರ್ ಪಾಪ, ಸ್ಪ್ಯಾನರ್ ಹಿಡಿದು ಸುತ್ತಲೂ ತಿರುಗಿದ. ಕಂಪನಿಯವರು ಲ್ಯಾಪ್‌ಟಾಪ್ ತಂದು ಜೋಡಿಸುವವರೆಗೆ ಮುಟ್ಟಬಾರದೆಂದು ಅವನಿಗೆ ಫೋನಿನಲ್ಲಿ ಉಪದೇಶವಾಯಿತು. ನನ್ನ ಹಳೆಯ ಗಾಡಿಯ ಡೀಸೆಲ್ ಪೈಪಿನಲ್ಲಿ ಗಾಳಿ ಹಿಡಿದರೆ ನನ್ನ ಡ್ರೈವರ್ ಕತ್ತಲಲ್ಲೇ ನಟ್ ಸಡಿಲಿಸಿ, ಕೈಪಂಪು ಒತ್ತಿ ಗಾಳಿ ಬಿಡಿಸಿ ಹೊರಡುತ್ತಾನೆ. ಅದರ ಪಂಪು, ನಾಝಲ್‌ಗಳಿಗೆ ಯಾರ ಲ್ಯಾಪ್‌ಟಾಪಿನ ಅನುಮತಿಯೂ ಬೇಕಿಲ್ಲ.

ಆ ರಾತ್ರಿ ನಮ್ಮ ಪಾಡು ವರದಿಯಲ್ಲಿ ಬಂದಿಲ್ಲ. ಕುಡಿಯಲು ನೀರಿರಲಿಲ್ಲ, ಫೋನ್ ಸತ್ತಿತ್ತು, ಡ್ರೈವರಿಗೆ ಜ್ವರ. ಲೋಡು ತಡವಾಯಿತೆಂದು ಸರಕಿನ ಪಾರ್ಟಿಯವರು ಬಾಡಿಗೆಯಲ್ಲಿ ಮುರಿದುಕೊಂಡರು, ಇಳಿಸುವ ಸರದಿ ತಪ್ಪಿ ಗಾಡಿ ಅವರ ಗೇಟಿನ ಹೊರಗೆ ಮತ್ತೆ ಕಾಯಬೇಕಾಯಿತು, ವಾಪಸು ಲೋಡು ಬೇರೆಯವರ ಪಾಲಾಯಿತು. ಇಷ್ಟೆಲ್ಲ ಆದ ಮೇಲೆ ಮನೆಗೆ ಬಂದು ಪತ್ರಿಕೆ ಬಿಡಿಸಿದರೆ ಅಪರಾಧಿಯೂ ನಾನೇ!

ಹೊಸ ಗಾಡಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಭಾರಿ ಡೀಸೆಲ್ ಎಂಜಿನ್ನುಗಳ ನೈಟ್ರೋಜನ್ ಆಕ್ಸೈಡಿನ ಮಿತಿ ಬಿಎಸ್‌4ರಲ್ಲಿ ಕಿಲೋವ್ಯಾಟ್ ಗಂಟೆಗೆ 3.5 ಗ್ರಾಂ ಇದ್ದದ್ದು ಬಿಎಸ್‌6ರಲ್ಲಿ ಅರ್ಧ ಗ್ರಾಮಿಗಿಂತ ಕೆಳಗಿಳಿದಿದೆ. ಇದು ಸಣ್ಣ ಸಂಗತಿಯಲ್ಲ. ಹಳೆಯ ಗಾಡಿ ಡೀಸೆಲನ್ನೂ ಹೆಚ್ಚು ಕುಡಿಯುತ್ತದೆ; 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮಾರಾಟ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿದ ಬಿಸಿ ನಮಗೆ ತಟ್ಟಿದಷ್ಟು ಬೇರೆಯವರಿಗೆ ತಟ್ಟಿರಲಾರದು. ಆದರೂ ಲೈನರ್ ಪಿಸ್ಟನ್ ಬದಲಿಸಿ ಎಂಜಿನ್ ಕೆಲಸ ಮಾಡಿಸಿದರೆ ಆ ಖರ್ಚು ಒಮ್ಮೆಗೆ ಮುಗಿಯುತ್ತದೆ. ಹೊಸ ಗಾಡಿಯ ಕಂತು ತಿಂಗಳು ತಿಂಗಳು ತಪ್ಪದೆ ಬರುತ್ತದೆ, ಬಾಡಿಗೆ ಹಾಗೆ ಬರುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಲಾರಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತಲ್ಲ, ಇನ್ನೇಕೆ ತಡ ಎನ್ನುವವರು ಸಾಲದ ಬಡ್ಡಿಯನ್ನೂ ತಾವೇ ಕಟ್ಟುವುದಾದರೆ ನಾಳೆಯೇ ಬುಕ್ ಮಾಡುತ್ತೇನೆ.

ಇನ್ನು ಗುಜರಿಯ ಮಾತು. ಹೊಸ ಲಾರಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ಗಾಡಿ ಓಡಲು ಅರ್ಹವೆಂಬ ಪತ್ರ. ಆಮೇಲೆ ಪ್ರತಿ ವರ್ಷ. ಹದಿನೈದು ವರ್ಷ ದಾಟಿದ ಭಾರಿ ವಾಹನದ ಎಫ್‌ಸಿ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 12,500 ರೂಪಾಯಿಗೆ ಏರಿಸಿದರು, ನಾವು ಗೊಣಗುತ್ತಲೇ ಕಟ್ಟಿದೆವು. ಬ್ರೇಕ್, ದೀಪ, ಹೊಗೆ, ಸ್ಟಿಯರಿಂಗ್ ಎಲ್ಲವನ್ನೂ ನೋಡಿ ಅರ್ಹವೆಂದು ಪತ್ರ ಕೊಟ್ಟ ಮೇಲೂ ನನ್ನ ಗಾಡಿ ಗುಜರಿಯೇ ಆಗಿದ್ದರೆ, ಆ ಪತ್ರ ಏನನ್ನು ನೋಡಿ ಕೊಟ್ಟದ್ದು? ಹಣ ತೆಗೆದುಕೊಳ್ಳುವ ದಿನ ಯೋಗ್ಯವಾಗಿದ್ದ ಲಾರಿ ಹೇಳಿಕೆ ಕೊಡುವ ದಿನ ಅಯೋಗ್ಯವಾಗುವ ಪವಾಡವನ್ನು ಯಾರಾದರೂ ವಿವರಿಸಬೇಕು. ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಿಸುವಂತಿಲ್ಲ ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ ನಿಜ. ಆದರೆ ಅಲ್ಲಿ ಹಳೆಯದು ಹೋದರೆ ಹೊಸದು ಬೊಕ್ಕಸದಿಂದ ಬರುತ್ತದೆ. ಒಂದೇ ಗಾಡಿ ನಂಬಿ ಸಂಸಾರ ನಡೆಸುವವನಿಗೆ ಯಾವ ಬೊಕ್ಕಸವಿದೆ?

ಘಾಟಿಯ ಹೊಂಡಗಳ ಬಗ್ಗೆ ಬರೆದು ಬರೆದು ನಮಗೇ ಬೇಸರವಾಗಿದೆ. ಗಾಡಿ ಹಳೆಯದಿರಲಿ ಹೊಸದಿರಲಿ, ಆ ಹೊಂಡಗಳಲ್ಲಿ ಪಟ್ಟಾ, ಬುಷ್, ಟೈರು ಎಲ್ಲವೂ ವಯಸ್ಸಿಗೆ ಮುಂಚೆ ಮುದಿಯಾಗುತ್ತವೆ. ಅದರ ವಿಷಯದಲ್ಲಿ ಮಾತ್ರ ಯಾವ ಅಧಿಕಾರಿಯೂ ಹೇಳಿಕೆ ಕೊಟ್ಟಿಲ್ಲ.

ಆದ್ದರಿಂದ ಸಂಬಂಧಪಟ್ಟವರು ಘಾಟಿಯ ಬುಡದಲ್ಲಿ ಭಾರಿ ಟ್ರೇಲರ್ ಎಳೆಯಬಲ್ಲ ಒಂದು ಕ್ರೇನನ್ನು ಹಗಲು ರಾತ್ರಿ ನಿಲ್ಲಿಸಲಿ. ಇಲ್ಲವೇ ಹೊಸ ಗಾಡಿ ಮಾರುವ ಕಂಪನಿಗಳು ಲ್ಯಾಪ್‌ಟಾಪ್ ಸಮೇತ ತಮ್ಮ ಮೆಕ್ಯಾನಿಕನ್ನು ಇಲ್ಲೇ ಇಡುವಂತೆ ಮಾಡಲಿ. ಶುಲ್ಕವನ್ನೂ ಇಳಿಸಲಿ, ರಸ್ತೆಯನ್ನೂ ನೋಡಲಿ. ಇದಾವುದೂ ಆಗದಿದ್ದರೆ ಕೆಟ್ಟು ನಿಂತ ಗಾಡಿಯ ಆರ್‌ಸಿಯಲ್ಲಿ ಯಾವ ವರ್ಷ ನಮೂದಾಗಿದೆ ಎಂದು ಓದಿಯಾದರೂ ಬಾಯಿ ತೆರೆಯಲಿ. ಓದು ಬಲ್ಲವರೆಂದೇ ಅವರನ್ನು ಆ ಕುರ್ಚಿಯಲ್ಲಿ ಕೂರಿಸಿದ್ದು, ನಿಮ್ಮ ವರದಿಗಾರರನ್ನು ಘಾಟಿಗೆ ಕಳಿಸಿದ್ದೂ ಅದಕ್ಕೇ ಇರಬೇಕು.

– ಒಬ್ಬ ಟ್ರೇಲರ್ ಮಾಲೀಕ