ಬೋರಮಾಳದ ಅಳತೆಯ ದಾರ

ಕಲಬುರಗಿ

ಚಿನ್ನವ್ವಾ,

ಲಕೋಟೆ ಒಡೆದ ಕೂಡಲೇ ಒಂದು ಕೆಂಪು ದಾರ ಕೆಳಗೆ ಬೀಳುತ್ತದೆ. ಅದನ್ನು ಬಿಸಾಡಬೇಡ. ಜೊತೆಗೆ ಹಳೇ ಪೇಪರಿನಲ್ಲಿ ಕತ್ತರಿಸಿದ, ಜಂಪರಿನ ಮೂರು ನೆಕ್ ಮಾದರಿ ಇವೆ. ಅವನ್ನೂ ಜೋಪಾನವಾಗಿ ತೆಗೆದಿಡು.

ಮದುವೆಯ ಜಂಪರಿಗೆ ಇಂಥದೇ ನೆಕ್ ಬೇಕು ಅಂತ ನಿನ್ನೆ ನೀನು ಕಳಿಸಿದ ಫೋಟೊ ನೋಡಿದೆ. ಕೊರಳವರೆಗೂ ಮುಚ್ಚಿದ ಬೋಟ್ ನೆಕ್, ಅದರ ತುಂಬ ಜರಿ, ಮಣಿಯ ಆರಿ ಕಸೂತಿ ಕೆಲಸ. ಆ ಹುಡುಗಿಗೆ ಚೆನ್ನಾಗಿ ಒಪ್ಪಿದೆ. ಅವಳ ಕತ್ತು ಉದ್ದ, ಭುಜ ಸಣ್ಣ. ಬೋಟ್ ನೆಕ್ ಅಂದರೆ ಈ ಭುಜದಿಂದ ಆ ಭುಜಕ್ಕೆ ಅಡ್ಡ ಗೆರೆ ಎಳೆದ ಹಾಗೆ. ಸಣ್ಣ ಭುಜವನ್ನು ಅಗಲ ಮಾಡಿ ತೋರಿಸುತ್ತದೆ. ನಿನ್ನದು ನಿಮ್ಮ ಅಜ್ಜಿಯ ಮೈಕಟ್ಟು. ಅಗಲ ಭುಜ, ಗಿಡ್ಡ ಕತ್ತು, ದುಂಡು ಮುಖ. ಹೀಗೆ ಹೇಳಿದರೆ ನಿನಗೆ ಬೇಜಾರಾಗುತ್ತದೆ ಅಂತ ಗೊತ್ತು. ಆದರೆ 22 ವರ್ಷ ಈ ಓಣಿಯವರ ಜಂಪರ್ ಹೊಲಿದಿದ್ದೇನೆ. ಟೇಪ್ ಹಿಡಿದು ನಿಂತಾಗ ಯಾರ ಮೈಯಲ್ಲೂ ನನಗೆ ಕೊರತೆ ಕಂಡಿಲ್ಲ. ಬಟ್ಟೆ ಎಲ್ಲಿಗೆ ನಿಲ್ಲಬೇಕು ಅನ್ನೋದಷ್ಟೇ ಕಂಡಿದೆ.

ಗಿಡ್ಡ ಕತ್ತಿಗೆ ಕೆಳಗಿಳಿಯುವ ಗೆರೆ ಬೇಕು. ಯು ನೆಕ್ ಆಗಲಿ, ಸ್ವಲ್ಪ ದುಂಡಗೆ ಮಾಡಿದ ವಿ ಆಗಲಿ, ಕೊರಳನ್ನು ಉದ್ದ ಮಾಡಿ ತೋರಿಸುತ್ತದೆ. ಅದಕ್ಕೇ ಒಂದು ಯು, ಒಂದು ವಿ, ನೀನು ಕೇಳಿದ ಬೋಟ್ ಒಂದು ಕತ್ತರಿಸಿದ್ದೇನೆ. ಕನ್ನಡಿ ಮುಂದೆ ನಿಂತು ಒಂದೊಂದನ್ನೇ ಎದೆಗೆ ಹಿಡಿದು ನೋಡು. ನಾನು ಹೇಳಿದೆ ಅಂತ ಒಪ್ಪಬೇಡ, ನಿನ್ನ ಕಣ್ಣಿಗೇ ಕಾಣಲಿ.

ಈಗ ದಾರದ ವಿಷಯ. ನೀನು ಮುಹೂರ್ತಕ್ಕೆ ಹಾಕಿಕೊಳ್ಳುವುದು ಅಜ್ಜಿಯ ಬೋರಮಾಳ, ಆ ಬಂಗಾರದ ಗುಂಡಿನ ಸರ. ಮೊನ್ನೆ ಅದನ್ನು ತೆಗೆದು ಮಂಚದ ಮೇಲೆ ಉದ್ದಕ್ಕೆ ಹರಡಿ, ಅಷ್ಟೇ ಉದ್ದದ ದಾರ ಕತ್ತರಿಸಿದೆ. ನಡುವಿನ ಗುಂಡು ಬರುವ ಕಡೆ ಒಂದು ಗಂಟು ಹಾಕಿದ್ದೇನೆ. ಎರಡು ತುದಿ ಸೇರಿಸಿ ಕೊರಳಿಗೆ ಕಟ್ಟಿಕೋ. ಗಂಟು ಕತ್ತಿನ ಕುಳಿಯಿಂದ ಮೂರು ಬೆರಳು ಕೆಳಗೆ ಕೂರಬೇಕು. ಬೋಟ್ ನೆಕ್ ಆದರೆ ಅಲ್ಲಿ ಬಟ್ಟೆ ಇರುತ್ತದೆ, ಬಟ್ಟೆಯ ಮೇಲೆ ಜರಿ, ಮಣಿ. ಬಂಗಾರದ ಗುಂಡು ಅದರೊಳಗೆ ಕಳೆದೇ ಹೋಗುತ್ತದೆ. ಮಣಿಗೆ ಸಿಕ್ಕಿ ಎಳೆ ಕಿತ್ತರೂ ಕಿತ್ತೀತು. ಬರೀ ಮೈ ಮೇಲೆ ಕೂತರೆ ಮಾತ್ರ ಬೋರಮಾಳ ಬೋರಮಾಳದ ಹಾಗೆ ಕಾಣುತ್ತದೆ. ನಿನಗೆ ಮುಂದಿನ ನೆಕ್ ಆಳ ಆರೂವರೆ ಇಂಚು ಸಾಕು. ಗುಂಡಿಗೂ ಬಟ್ಟೆಗೂ ನಡುವೆ ಒಂದು ಬೆರಳಿನಷ್ಟು ಜಾಗ ಉಳಿಯುತ್ತದೆ.

ಹಿಂದಿನ ನೆಕ್‌ಗೆ ಸುಮ್ನೆ ದುಡ್ಡು ಸುರಿಯಬೇಡ. ಅಕ್ಕಿಕಾಳು ಬೀಳುವಾಗ ನಿನ್ನ ತಲೆ ಮೇಲೆ ಸೆರಗು ಇರುತ್ತದೆ. ಬೆನ್ನು ಯಾರಿಗೂ ಕಾಣುವುದಿಲ್ಲ. ಎಡಗಡೆಯ ನೆಕ್ ಕೂಡ ಸೆರಗಿನಡಿ ಹೋಗುತ್ತದೆ, ಕಾಣುವುದು ನಡು ಮತ್ತು ಬಲಗಡೆ. ಮಡಕೆ ಆಕಾರದ ಪಾಟ್ ನೆಕ್, ಬೆನ್ನಿಗೆ ಕಟ್ಟುವ ಡೋರಿ, ಅದರ ತುದಿಗೆ ತೂಗುವ ಲಟಕನ್ ಎಲ್ಲ ಸಂಜೆಯ ರಿಸೆಪ್ಶನ್ ಜಂಪರಿಗೆ ಮಾಡಿಸು. ಆವಾಗ ಸೆರಗು ಬಿಟ್ಟಿರುತ್ತೀ, ನನಗೂ ನೋಡೋಕೆ ಆಸೆ. ಹಿಂದೆ ಆಳ ಇಟ್ಟರೆ ಮುಂದೆ ಕಡಿಮೆ ಮಾಡಲು ಹೇಳು. ಎರಡೂ ಕಡೆ ಆಳ ಇಟ್ಟರೆ ಭುಜ ನಿಲ್ಲುವುದಿಲ್ಲ.

ಇದು ನನಗೆ ನನ್ನ ಮದುವೆಯಲ್ಲೇ ಗೊತ್ತಾಗಿದ್ದು. ಹೊಲಿದವರು ನನ್ನ ಅಳತೆ ತೆಗೆಯದೆ, ಅಕ್ಕನ ಜಂಪರ್ ಇಟ್ಟು ಕತ್ತರಿಸಿದ್ದರು. ಎಡಗಡೆ ಸೆರಗಿನ ಪಿನ್ ಹಿಡಿದಿತ್ತು. ಬಲಭುಜ ಜಾರುತ್ತಲೇ ಇತ್ತು. ನಾನು ಎಡಗೈಯಿಂದ ಬಲಭುಜ ಹಿಡಿದುಕೊಂಡೇ ಕೂತಿದ್ದೆ. ಆಲ್ಬಮ್ ನೋಡು, ಎಷ್ಟೊಂದು ಫೋಟೊಗಳಲ್ಲಿ ಕೈ ಅಲ್ಲೇ ಇದೆ. ಚಿಕ್ಕವಳಿದ್ದಾಗ ನೀನು ಕೇಳಿದ್ದೆ, "ಅವ್ವಾ, ನಿನಗೆ ಅಲ್ಲಿ ನೋವಿತ್ತೇನು?" ಅಂತ. ನಾನು ಏನೂ ಹೇಳಲಿಲ್ಲ. ನಿಮ್ಮ ಅಪ್ಪ ತಾಳಿ ಕಟ್ಟಿದ ಗಳಿಗೆ ನನಗೆ ನೆನಪೇ ಇಲ್ಲ ಚಿನ್ನವ್ವಾ. ಭುಜ ಜಾರಿತಾ ಅನ್ನೋ ಭಯ ಒಂದೇ ನೆನಪಿದೆ.

ಅದಕ್ಕೇ ಬೆಂಗಳೂರಿನಲ್ಲೇ ಹೊಲಿಸಿದರೂ ಟ್ರಯಲ್ ಸರಿಯಾಗಿ ನೋಡು. ಮದುವೆ ದಿನ ಒಳಗೆ ಏನು ಹಾಕುತ್ತೀಯೋ ಅದನ್ನೇ ಹಾಕಿಕೊಂಡು ಹೋಗು. ಸುಮ್ಮನೆ ನೆಟ್ಟಗೆ ನಿಂತು ಕನ್ನಡಿ ನೋಡಿ ಬರಬೇಡ. ಮಾಲೆ ಹಾಕುವ ಹಾಗೆ ಎರಡೂ ಕೈ ಮೇಲೆತ್ತು. ಹಿರಿಯರ ಕಾಲಿಗೆ ಬೀಳುವ ಹಾಗೆ ಬಗ್ಗು. ಶರಣಬಸವೇಶ್ವರ ಗುಡಿಗೆ ಹೋದಾಗಲೂ ಬಗ್ಗಬೇಕಲ್ವಾ. ಬಗ್ಗಿದಾಗ ಮುಂದಿನ ನೆಕ್ ಬಾಯಿ ಬಿಡಬಾರದು. ಭುಜದ ಪಟ್ಟಿ ಎರಡು ಇಂಚಿಗಿಂತ ಕಡಿಮೆ ಬೇಡ. ಒಳಗಿನ ಅಸ್ತರ್ ಬಟ್ಟೆ ತೆಳ್ಳನೆಯ ಹತ್ತಿಯದೇ ಇರಲಿ, ಹೊಲಿಯುವ ಮೊದಲು ಒಮ್ಮೆ ನೀರಿಗೆ ಹಾಕಿ ಒಣಗಿಸಲು ಹೇಳು. ಮೇ ತಿಂಗಳಿನಲ್ಲಿ ನಮ್ಮೂರು 40 ಡಿಗ್ರಿ ದಾಟುತ್ತದೆ. ಮುಚ್ಚಿದ ಕೊರಳು, ಅದರ ಮೇಲೆ ಹೂವಿನ ಮಾಲೆ, ಒಳಗೆ ಬೆವರು. ಬೋಟ್ ನೆಕ್ ಬೇಡ ಅನ್ನೋಕೆ ಇದೂ ಒಂದು ಕಾರಣ.

ಅರಿಷಿಣದ ದಿನ ಉಡುವ ಇಳಕಲ್ ಸೀರೆಗೆ ಗುಳೇದಗುಡ್ಡದ ಖಣ, ಜಂಪರಿನ ಬಟ್ಟೆ, ತಂದಿಟ್ಟಿದ್ದೇನೆ. ಅದು ನಾನೇ ಹೊಲಿಯುತ್ತೇನೆ. ಖಣದ ನೇಯ್ಗೆಯೇ ತುಂಬಿಕೊಂಡಿರುತ್ತದೆ, ಸಾದಾ ದುಂಡು ನೆಕ್ ಸಾಕು.

ಇಷ್ಟೆಲ್ಲ ಈಗಲೇ ಬರೆದಿದ್ದಕ್ಕೆ ಕಾರಣ ಇದೆ. ಆರಿ ಕೆಲಸದವರು ಬಟ್ಟೆ ಕತ್ತರಿಸುವ ಮೊದಲೇ ನೆಕ್ ಗೆರೆ ಹಾಕಿ, ಚೌಕಟ್ಟಿಗೆ ಬಿಗಿದು ಕೆಲಸ ಶುರು ಮಾಡುತ್ತಾರೆ. ಒಮ್ಮೆ ಮಣಿ ಕೂತ ಮೇಲೆ ಬದಲಿಸೋಕೆ ಆಗುವುದಿಲ್ಲ. ನೀನು ಸೋಮವಾರ ಬಟ್ಟೆ ಕೊಡುತ್ತೇನೆ ಅಂದಿದ್ದೀಯ. ಭಾನುವಾರ ಸಂಜೆ ವಿಡಿಯೋ ಕಾಲ್ ಮಾಡು. ಕೂದಲು ಮೇಲೆ ಕಟ್ಟಿ, ದಾರ ಕೊರಳಿಗೆ ಹಾಕಿಕೊಂಡಿರು. ಮೂರೂ ಪೇಪರ್ ಹಿಡಿದು ತೋರಿಸು. ಎಲ್ಲ ನೋಡಿದ ಮೇಲೂ ನಿನಗೆ ಬೋಟ್ ನೆಕ್ಕೇ ಬೇಕು ಅನ್ನಿಸಿದರೆ ಹೇಳು, ಬೋರಮಾಳದ ದಾರ ಬದಲಿಸಿ ಉದ್ದ ಮಾಡಿಸಿಕೊಂಡು ಬರುತ್ತೇನೆ.

ನಿನ್ನ ಅವ್ವ