ಬಾಗಿಲು ತೆಗೆದಿಟ್ಟು ತೊಳಿ, ಪುಟ್ಟೀ

ಪ್ರೀತಿಯ ಪುಟ್ಟೀ,

ಮೂರು ಸಲ ಫೋನ್ ಮಾಡಿದೆ, ಹತ್ತಲೇ ಇಲ್ಲ. ಮಳೆ ಹಿಡಿದರೆ ಮೂಡಿಗೆರೆ ಕಡೆ ಕರೆಂಟೂ ಇಲ್ಲ, ಟವರೂ ಇಲ್ಲ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ, ಸಿಗ್ನಲ್ ಬಂದ ತಕ್ಷಣ ಓದು. ನೀನು ಬರೆದದ್ದು ಸಿಕ್ಕಿತು. ತೋಟದ ವಿಷಯ, ಹೋಮ್‌ಸ್ಟೇ ವಿಷಯ, ನಿನ್ನಮ್ಮನ ಮಂಡಿನೋವು, ಬ್ಯಾಂಕಿನದ್ದು ಎಲ್ಲ ಓದಿದೆ. ಅದು ನಮಗೆಲ್ಲ ಗೊತ್ತಿರುವುದೇ, ಈಗ ಬೇಡ. ನಡುವೆ ಒಂದು ಸಾಲು ಬರೆದಿದ್ದೀಯಲ್ಲ, "ಬಾತ್‌ರೂಮ್ ಕಲೆ ಹೋಗಲೇ ಇಲ್ಲ, ಆಸಿಡ್ ಹಾಕಿ ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸಿದೆ, ಕಣ್ಣು ಉರಿದು ಸ್ವಲ್ಪ ಕೆಮ್ಮು ಬಂತು, ಎರಡು ಗಂಟೆಗೆ ಗೆಸ್ಟ್ ಬರೋರಿದ್ದರು, ಬಾಗಿಲು ಹಾಕಿಕೊಂಡು ಮುಗಿಸಿಯೇ ಹೊರಗೆ ಬಂದೆ" ಅಂತ. ಅದನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ.

ಮೊದಲು ಇದು ಹೇಳು. ಈಗ ಕೆಮ್ಮು ಹೇಗಿದೆ? ಎದೆ ಬಿಗಿದ ಹಾಗೆ ಆಗುತ್ತದಾ? ಮನೆ ಹಿಂದಿನ ಏರು ಹತ್ತಿದರೆ ಏದುಸಿರು ಬರುತ್ತದಾ? ಆಸಿಡ್ಡು, ಬ್ಲೀಚಿಂಗ್ ಪೌಡರ್ ಸೇರಿ ಏಳುವ ಗಾಳಿ ಎಳೆದುಕೊಂಡವರಿಗೆ ಕೆಲವೊಮ್ಮೆ ಆಗ ಜಾಸ್ತಿ ಏನೂ ಗೊತ್ತಾಗುವುದಿಲ್ಲ. ಗಂಟೆಗಟ್ಟಲೆ ಬಿಟ್ಟು, ರಾತ್ರಿ ಮಲಗಿದ ಮೇಲೆ, ಶ್ವಾಸಕೋಶದಲ್ಲಿ ನೀರು ಕಟ್ಟಲು ಶುರುವಾಗಬಹುದು. ನಿನ್ನದು ಆಗಿ ವಾರವಾಯಿತು, ಆಗುವುದಿದ್ದರೆ ಆಗಲೇ ಆಗುತ್ತಿತ್ತು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಆದರೂ ನಿದ್ದೆ ಬರುತ್ತಿಲ್ಲ.

ನಾನು ಯಾಕೆ ಇಷ್ಟು ಹೆದರುತ್ತೇನೆ ಅನ್ನುವುದು ನಿಮಗೆ ಯಾರಿಗೂ ಗೊತ್ತಿಲ್ಲ. ನಿನ್ನ ದೊಡ್ಡಪ್ಪನಿಗೆ ಅರ್ಧ ಗೊತ್ತಿತ್ತು.

ಶೃಂಗೇರಿಯಲ್ಲಿ ನಾವು ಯಾತ್ರಿಗಳಿಗೆ ಆರು ರೂಮು ಕೊಡುತ್ತಿದ್ದೆವಲ್ಲ, 1994ರ ನವರಾತ್ರಿ ಅದು. ಒಂದು ಬಸ್ಸಿನವರು ಹತ್ತಕ್ಕೆ ಖಾಲಿ ಮಾಡಿದರೆ ಇನ್ನೊಂದು ಬಸ್ಸಿನವರು ಹನ್ನೊಂದಕ್ಕೆ ಬಂದು ನಿಲ್ಲುತ್ತಿದ್ದರು. ಆರು ರೂಮಿಗೆ ಎರಡೇ ಬಾತ್‌ರೂಮು. ಕೆಲಸಕ್ಕೆ ಒಬ್ಬ ಹೆಂಗಸು ಬರುತ್ತಿದ್ದಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಕೈ ಬಹಳ ಚುರುಕು. ಅವತ್ತು ಕಕ್ಕಸಿನ ಕಲೆ ಹೋಗುತ್ತಿಲ್ಲ ಅಮ್ಮಾ ಅಂದಳು. ಆಗೆಲ್ಲ ಆಸಿಡ್ಡನ್ನು ಅಂಗಡಿಯವರು ಹಳೇ ಬಾಟಲಿಗೆ ಹುಯ್ದು ಕೊಡುತ್ತಿದ್ದರು, ಕೇಳುವವರಿರಲಿಲ್ಲ. ಸುಪ್ರೀಂ ಕೋರ್ಟು ಅದಕ್ಕೆ ಕಡಿವಾಣ ಹಾಕಿದ್ದು 2013ರಲ್ಲಿ. ಆಸಿಡ್ ಬಾಟಲಿ ನಾನೇ ತಂದು ಕೊಟ್ಟೆ. ಮಳೆಗಾಲದಲ್ಲಿ ಬಾವಿಗೆ ಹಾಕಲು ತಂದಿದ್ದ ಬ್ಲೀಚಿಂಗ್ ಪೌಡರ್ ಡಬ್ಬದಲ್ಲಿ ಉಳಿದಿತ್ತು. ಎರಡೂ ಸೇರಿದರೆ ಇನ್ನೂ ಬೆಳ್ಳಗಾಗುತ್ತದೆ ಅಂತ ಅದನ್ನೂ ನಾನೇ ಕೊಟ್ಟೆ. ಯಾತ್ರಿಗಳಿಗೆ ವಾಸನೆ ಬಡಿಯಬಾರದು, ಬಾಗಿಲು ಹಾಕಿಕೋ ಅಂದವಳೂ ನಾನೇ.

ಹೊರಗೆ ಬಂದಾಗ ಅವಳ ಕಣ್ಣು ಕೆಂಡದ ಹಾಗೆ ಇತ್ತು. ಜಗುಲಿ ಮೇಲೆ ಕೂತು ಕೆಮ್ಮಿದಳು, ಕೆಮ್ಮಿದಳು. ನಾನು ಒಂದು ಲೋಟ ಮಜ್ಜಿಗೆ ತಂದೆ. ಎರಡೂ ಕೈಯಲ್ಲಿ ಹಿಡಿದುಕೊಂಡಳು, ಆದರೆ ಬಾಯಿಗೆ ಇಡುವ ಹೊತ್ತಿಗೆ ಕೆಮ್ಮು ಬಂದು ಮಜ್ಜಿಗೆ ಎಲ್ಲ ಸೆರಗಿನ ಮೇಲೆ ಚೆಲ್ಲಿತು. ಆ ಚೆಲ್ಲಿದ್ದನ್ನು ಒರೆಸಲು ಎದ್ದಳು ನೋಡು, ಜಗುಲಿ ಗಲೀಜಾಯಿತು ಅಂತ. ನಾನು ಆಗ ಏನು ಹೇಳಿದೆ ಗೊತ್ತಾ? "ಇವತ್ತು ಹೋಗು, ನಾಳೆ ಐದಕ್ಕೇ ಬಾ, ಇನ್ನೊಂದು ಬಸ್ಸು ಬರುತ್ತದೆ" ಅಂದೆ. ಮೂವತ್ತು ವರ್ಷ ದಾಟಿತು ಪುಟ್ಟೀ. ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

ರಾತ್ರಿ ಉಸಿರು ಸಿಗದೆ ಆಸ್ಪತ್ರೆಗೆ ಒಯ್ದರಂತೆ. ಜೀಪಿನಲ್ಲಿ. ನಮಗೆ ಗೊತ್ತಾಗಿದ್ದು ಬೆಳಿಗ್ಗೆ, ಅವಳು ಬರಲಿಲ್ಲ ಅಂತ ನಾನು ಗೊಣಗುತ್ತಾ ಕಸ ಗುಡಿಸುತ್ತಿದ್ದಾಗ. ಹೋಗಿ ನೋಡಿದರೆ ಆಕ್ಸಿಜನ್ ಹಾಕಿದ್ದರು. ಡಾಕ್ಟರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು, ಯಾವುದಕ್ಕೆ ಯಾವುದು ಬೆರೆಸಿದಿರಿ ಅಂತ. ಹೇಳಿದೆ. ಆಮೇಲೆ ಅವರು ಬಿಡಿಸಿ ಹೇಳಿದ್ದನ್ನು ಹಾಗೇ ನಿನಗೆ ಹೇಳುತ್ತೇನೆ, ಗಮನ ಇಟ್ಟು ಓದು. ಬ್ಲೀಚಿಂಗ್ ಪೌಡರ್‌ಗೆ ಆಸಿಡ್ ಬಿದ್ದರೆ ಕ್ಲೋರಿನ್ ಗಾಳಿ ಏಳುತ್ತದೆ. ಅದು ನಾವು ಉಸಿರಾಡುವ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಮೇಲೆ ಹೋಗುವುದಿಲ್ಲ, ನೆಲಕ್ಕೆ ಅಂಟಿಕೊಂಡು ಕೂರುತ್ತದೆ. ಬಾತ್‌ರೂಮ್ ತೊಳೆಯುವವರು ಕುಕ್ಕರಗಾಲಿನಲ್ಲಿ ಕೂತು ಬಗ್ಗಿ ಉಜ್ಜುತ್ತಾರೆ ಅಲ್ವಾ, ಮೂಗು ಸರಿಯಾಗಿ ಅದು ಇರುವ ಜಾಗಕ್ಕೇ ಬರುತ್ತದೆ. ಮೇಲಿನ ಚಿಕ್ಕ ವೆಂಟಿಲೇಟರ್ ತೆಗೆದಿದೆ ಅಂತ ಧೈರ್ಯ ಬೇಡ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್‌ನಲ್ಲಿ, ಬೆಲ್ಜಿಯಂನಲ್ಲಿ ಕಂದಕದೊಳಗಿದ್ದ ಸೈನಿಕರ ಮೇಲೆ ಬಿಟ್ಟಿದ್ದು ಇದೇ ಗಾಳಿಯನ್ನು. ತಗ್ಗಿಗೆ ಇಳಿಯುತ್ತದೆ ಅಂತಲೇ. ಇದನ್ನು ನಾನು ಎಷ್ಟೋ ವರ್ಷದ ನಂತರ ಓದಿದೆ, ಓದಿ ಪುಸ್ತಕ ಮುಚ್ಚಿಟ್ಟೆ.

ಅವಳು ಬದುಕಿದಳು. ಆದರೆ ಮತ್ತೆ ಸೌದೆ ಒಲೆ ಮುಂದೆ ಕೂರಲು ಆಗಲಿಲ್ಲ, ಹೊಗೆ ತಾಗಿದರೆ ಉಬ್ಬಸ. ನಾನು ಒಂದಿಷ್ಟು ದುಡ್ಡು ಕೊಟ್ಟೆ, ಎರಡು ಸಲ ಹೋಗಿ ನೋಡಿ ಬಂದೆ. ಆಮೇಲೆ ಹೋಗಲಿಲ್ಲ. ಮುಖ ನೋಡಲು ಆಗುತ್ತಿರಲಿಲ್ಲ. ಅವಳು ಒಂದು ದಿನವೂ ನನ್ನನ್ನು ಬೈಯಲಿಲ್ಲ, ನಂದೇ ತಪ್ಪು ಅಮ್ಮಾ, ಜಾಸ್ತಿ ಹಾಕಿಬಿಟ್ಟೆ ಅಂತ ಅವಳೇ ಹೇಳುತ್ತಿದ್ದಳು. ನಾನು ಹೌದು ಅನ್ನಲೂ ಇಲ್ಲ, ಇಲ್ಲ ನನ್ನ ತಪ್ಪು ಅನ್ನಲೂ ಇಲ್ಲ. ಅವಳಿಗೆ ಹೇಳಬೇಕಿದ್ದನ್ನು ಈಗ ನಿನಗೆ ಹೇಳುತ್ತಿದ್ದೇನೆ ಅನ್ನಿಸುತ್ತದೆ.

ನಿನ್ನ ಸಾಲಿನಲ್ಲಿ ನನ್ನನ್ನು ಹೆದರಿಸಿದ್ದು ಆಸಿಡ್ ಒಂದೇ ಆಗಿದ್ದರೆ, ಬೆರೆಸಬೇಡ ಅಂತ ಒಂದು ಮಾತು ಬರೆದು ಸುಮ್ಮನಾಗುತ್ತಿದ್ದೆ. "ಮುಗಿಸಿಯೇ ಹೊರಗೆ ಬಂದೆ" ಅಂದಿದ್ದೀಯಲ್ಲ, ಅದು. ಕಣ್ಣು ಉರಿದಾಗಲೇ ಮೈ ನಿನಗೆ ಹೇಳಿತ್ತು. ನೀನು ಗಡಿಯಾರದ ಮಾತು ಕೇಳಿದೆ. ನಾನು ನಿನಗೆ ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ ಈ ವಿಷಯದಲ್ಲಿ, ಆದರೂ ಹೇಳುತ್ತೇನೆ. ಇನ್ನೊಂದು ಸಲ ಹಾಗಾದರೆ ಕೈಯಲ್ಲಿರುವ ಬ್ರಷ್ ಅಲ್ಲೇ ಹಾಕಿ ಹೊರಗೆ ಬಾ. ನೀರು ಹುಯ್ದು ಬರುತ್ತೇನೆ ಅಂತಲೂ ನಿಲ್ಲಬೇಡ. ಹೊರಗೆ ಬಂದು ಅಂಗಳಕ್ಕೆ ಹೋಗು, ತಗ್ಗಿನ ಕಡೆ ಬೇಡ. ಬಟ್ಟೆ ಬದಲಿಸು, ಕಣ್ಣಿಗೆ ತಣ್ಣೀರು ಕಾಲು ಗಂಟೆಯಾದರೂ ಹಾಕುತ್ತಲೇ ಇರು, ಉಸಿರು ಸ್ವಲ್ಪ ಕಷ್ಟ ಅನ್ನಿಸಿದರೂ ಆಸ್ಪತ್ರೆಗೆ ಹೋಗು. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಕು ಅಂತ ಅಂದುಕೊಳ್ಳಬೇಡ, ಗಾಳಿಗೆ ಬಟ್ಟೆ ತಡೆಯಾಗುವುದಿಲ್ಲ.

ಬಂದವರನ್ನು ಜಗುಲಿಯಲ್ಲಿ ಕೂರಿಸಿ ಕಾಫಿ ಕೊಡು, ಅರ್ಧ ಗಂಟೆ ಆಗುತ್ತದೆ ಅನ್ನು. ಅವರು ಸ್ಟಾರ್ ಕಡಿಮೆ ಕೊಟ್ಟರೆ ಕೊಡಲಿ. ನಿನಗೆ ಅದು ಎಷ್ಟು ಮುಖ್ಯ ಅಂತ ನನಗೆ ಗೊತ್ತು, ದಿಂಬಿನ ಮೇಲೆ ಒಂದು ಕೂದಲು ಸಿಕ್ಕಿದ್ದಕ್ಕೆ ಯಾರೋ ಬರೆದದ್ದನ್ನು ನೀನು ಎಷ್ಟು ದಿನ ಮನಸ್ಸಿಗೆ ಹಚ್ಚಿಕೊಂಡಿದ್ದೆ ಅಂತಲೂ ಗೊತ್ತು. ಆದರೂ.

ಉಳಿದದ್ದು ನಿನಗೇ ಚೆನ್ನಾಗಿ ಗೊತ್ತಿರಬಹುದು, ಮುದುಕಿ ಮಾತು ಅಂತ ಬೇಸರ ಮಾಡಿಕೊಳ್ಳಬೇಡ. ಒಂದು ಹಾಸಿಗೆಗೆ ಮೂರು ಜೊತೆ ಬೆಡ್‌ಶೀಟ್ ಇಟ್ಟುಕೋ, ಮಳೆಗಾಲದಲ್ಲಿ ಎರಡು ಜೊತೆ ಸಾಲುವುದಿಲ್ಲ, ಅರೆ ಒಣಗಿದ್ದನ್ನು ಹಾಸಿದರೆ ಮುಗ್ಗು ವಾಸನೆ. ಎತ್ತಿನಭುಜ ಗುಡ್ಡ ಹತ್ತಿ ಬಂದವರ ಶೀಟಿನಲ್ಲಿ ಇಂಬಳ ಕಚ್ಚಿದ ರಕ್ತ ಇದ್ದೇ ಇರುತ್ತದೆ, ಅದಕ್ಕೆ ತಣ್ಣೀರು ಮಾತ್ರ. ಬಿಸಿನೀರು ಬಿದ್ದರೆ ಕಲೆ ಕೂತುಬಿಡುತ್ತದೆ. ಶೀಟ್ ನೆನೆಹಾಕಿ, ಬಾತ್‌ರೂಮಿಗೆ ಸೋಪು ನೀರು ಹುಯ್ದು ಬಿಟ್ಟು, ಆಮೇಲೆ ರೂಮಿನ ಧೂಳು ಹೊಡಿ. ನೀನು ವಾಪಸ್ ಬರುವಷ್ಟರಲ್ಲಿ ಸೋಪು ಅರ್ಧ ಕೆಲಸ ಮಾಡಿರುತ್ತದೆ. ಹಾಗೇ ಬಿಟ್ಟು ಕಾದರೆ ಸೋಪಿನಲ್ಲೇ ಬಹಳಷ್ಟು ಹೋಗುತ್ತದೆ ಪುಟ್ಟೀ. ಕಾಯಲು ಹೊತ್ತಿಲ್ಲ ಅಂತಲೇ ನಾವು ಎರಡೆರಡು ಬೆರೆಸುವುದು.

ಟಾಯ್ಲೆಟ್‌ಗೆ ಹಾಕುವ ಬಾಟಲಿಯ ಲಿಕ್ವಿಡ್ ಇದೆಯಲ್ಲ, ಎಷ್ಟೋ ಬಾಟಲಿಯೊಳಗೆ ಇರುವುದೂ ಆಸಿಡ್ಡೇ, ಹಿಂದಿನ ಸಣ್ಣ ಅಕ್ಷರ ಓದಿನೋಡು. ನಿಂಬೆಹುಳಿ, ವಿನಿಗರ್ ಕೂಡ ಬ್ಲೀಚ್ ಜೊತೆ ಬೇಡ, ಮನೆ ಪದಾರ್ಥ ತಾನೇ ಅಂತ ಮೋಸ ಹೋಗಬೇಡ. ಅಮೋನಿಯಾ ಇರುವ ಗಾಜು ಒರೆಸುವ ಲಿಕ್ವಿಡ್ಡೂ ಹಾಗೆಯೇ, ಅದರಿಂದ ಏಳುವುದು ಬೇರೆ ಗಾಳಿ, ಅದೂ ಕೆಟ್ಟದ್ದೇ. ಒಂದು ಹಾಕಿದ ಜಾಗಕ್ಕೆ ಅವತ್ತು ಇನ್ನೊಂದು ಹಾಕಲೇಬೇಡ. ಕಮೋಡಿನ ತಳದಲ್ಲಿ ಆಸಿಡ್ ನಿಂತಿರುತ್ತದೆ, ಮೇಲೆ ಕಾಣಿಸುವುದಿಲ್ಲ. ಮತ್ತೆ ಆಸಿಡ್ಡನ್ನು ನೀರಿನ ಬಾಟಲಿಗೆ ಹುಯ್ದಿಡಬೇಡ, ನಿಮ್ಮ ಮನೆಗೆ ಚಿಕ್ಕ ಮಕ್ಕಳು ಬರುತ್ತಾರೆ.

ಮೂಲೆಯ ಕಪ್ಪು ಬೂಷ್ಟಿಗೆ ಏನು ಮಾಡಲಿ ಅಂತ ನೀನು ಕೇಳಿದ್ದೆ. ನನಗೂ ಸರಿಯಾದ ಉಪಾಯ ಇಲ್ಲ ಮಗಾ. ಉಜ್ಜಿ, ಒರೆಸಿ, ಫ್ಯಾನ್ ಹಾಕಿ ಬಾಗಿಲು ತೆಗೆದಿಡು. ಜುಲೈ ತಿಂಗಳಲ್ಲಿ ಮತ್ತೆ ಬರುತ್ತದೆ, ಬರಲಿ. ಮಲೆನಾಡಿನ ಮನೆ ಅದು.

ಇನ್ನೊಂದು, ಹೇಳಲೋ ಬೇಡವೋ ಗೊತ್ತಿಲ್ಲ. ಒಬ್ಬಳೇ ಇರುವಾಗ ಈ ಕೆಲಸ ಮಾಡಬೇಡ. ಅಮ್ಮನಿಗೆ ಮೇಲೆ ಬರಲು ಮಂಡಿ ಬಿಡುವುದಿಲ್ಲ, ನೀನು ಒಳಗೆ ಬಿದ್ದರೆ ಯಾರಿಗೆ ಗೊತ್ತಾಗುತ್ತದೆ? ತೋಟದ ಕೆಲಸದವರಲ್ಲಿ ಒಬ್ಬರನ್ನು ಹತ್ತಿರ ಇರಲು ಹೇಳು. ಅವರ ಕೈಗೆ ಆ ಬಾಟಲಿ ಮಾತ್ರ ಕೊಡಬೇಡ. ಇದನ್ನು ನಾನು ಕೈಮುಗಿದು ಕೇಳುತ್ತೇನೆ. ಶನಿವಾರ ಒಂದು ಬುಕಿಂಗ್, ಭಾನುವಾರ ಇನ್ನೊಂದು ಅಂತ ಬೆನ್ನಿಗೆ ಬೆನ್ನು ತೆಗೆದುಕೊಳ್ಳುವುದನ್ನು ಬಿಟ್ಟು ನಡುವೆ ಒಂದು ದಿನ ಬ್ಲಾಕ್ ಮಾಡಲು ಆಗುವುದಿಲ್ವಾ? ಆ ದಿನದ ದುಡ್ಡು ಹೋಗುತ್ತದೆ, ನಿಜ. ಕಂತು ಇದೆ, ಅದೂ ಗೊತ್ತು. ಈ ಮಳೆಗಾಲ ಮುಗಿಯುವವರೆಗಾದರೂ ನೋಡು. ಎಷ್ಟು ಕಡಿಮೆ ಬೀಳುತ್ತದೆ ಹೇಳು, ನನ್ನ ಪೆನ್ಶನ್‌ನಲ್ಲಿ ಸ್ವಲ್ಪ ಕಳಿಸುತ್ತೇನೆ. ಬೇಡ ಅನ್ನಬೇಡ.

ಆ ಡಬ್ಬ, ಆ ಬಾಟಲಿ ಈಗ ಎಲ್ಲಿಟ್ಟಿದ್ದೀಯಾ? ಎರಡೂ ಒಂದೇ ಕಪಾಟಿನಲ್ಲಿದ್ದರೆ ಓದಿದ ತಕ್ಷಣ ಒಂದನ್ನು ತೆಗೆದು ಕೊಟ್ಟಿಗೆ ಕಡೆ ಎತ್ತರದ ಜಾಗದಲ್ಲಿಡು. ಇಟ್ಟು, ಏರು ಹತ್ತಿ ಟವರ್ ಸಿಗುವ ಬಂಡೆ ಹತ್ತಿರ ಹೋಗಿ ಫೋನ್ ಮಾಡು. ಮಾತಾಡಬೇಕಾಗಿಲ್ಲ ಜಾಸ್ತಿ. ಏರು ಹತ್ತಿದ ಮೇಲೆ ನಿನ್ನ ಉಸಿರು ಹೇಗಿದೆ ಅಂತ ನಾನು ಕೇಳಿಸಿಕೊಳ್ಳಬೇಕು.

ನಿನ್ನ ದೊಡ್ಡಮ್ಮ